ಮಣೆಯ ಮೇಲೆ ನಿಂತ ಅಕ್ಷರಗಳು

ತಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಬೆರಳಚ್ಚಾದ ದಸ್ತಾವೇಜೇನಾದರೂ ಇದ್ದರೆ ವಾಚಕರು ಅದನ್ನೊಮ್ಮೆ ಬೆಳಕಿಗೆ ಹಿಡಿದು ನೋಡಬೇಕು. ಪುತ್ತೂರು, ಸುಳ್ಯ, ಕಡಬಗಳ ಮಳೆಗಾಲಗಳಿಗೆ ಕಾಗದ ಕಂದಿದ್ದರೂ ಅಕ್ಷರ ಮಾತ್ರ ಎಷ್ಟೋ ವೇಳೆ ಗಟ್ಟಿಯಾಗಿಯೇ ಉಳಿದಿರುತ್ತದೆ. ಒಂದೊಂದರ ಬುಡದಲ್ಲಿಯೂ ಒಂದು ಅಡ್ಡಪಟ್ಟಿ. ಅಕ್ಷರವು ಮಣೆಯ ಮೇಲೆ ನಿಂತಂತೆ ತೋರುತ್ತದೆ. ಅಚ್ಚಿನವರು ಈ ಜಾತಿಗೆ ‘ಸ್ಲ್ಯಾಬ್ ಸೆರಿಫ್’ ಎನ್ನುತ್ತಾರೆ.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ, ಲಂಡನ್ನಿನ ಜಾಹೀರಾತುಗಳಿಗೆ ದೂರದಿಂದ ಕಣ್ಸೆಳೆಯುವ ಮೊಳೆಗಳು ಬೇಕಾದಾಗ ಇದು ಬಳಕೆಗೆ ಬಂತು. 1845ರಲ್ಲಿ ರಾಬರ್ಟ್ ಬೆಸ್ಲಿಯವರ ಎರಕದ ಮನೆ ‘ಕ್ಲಾರೆಂಡನ್’ ಎಂಬ ಮೊಳೆಯನ್ನು ಹೊರತಂದು ನೋಂದಾಯಿಸಿತು. ನಿಘಂಟಿನ ಪುಟದಲ್ಲಿ ತಲೆಪದವನ್ನು ಎತ್ತಿ ತೋರಿಸಲು ಇಂತಹ ಮೊಳೆ ಬಹಳ ಅನುಕೂಲ. ನೋಂದಣಿಯ ರಕ್ಷಣೆ ಮೂರೇ ವರ್ಷ; ಅದು ಮುಗಿದೊಡನೆ ಉಳಿದವರೆಲ್ಲ ನಕಲು ಮಾಡಿದರು!

ಬೆರಳಚ್ಚು ಯಂತ್ರಕ್ಕೆ ಈ ಮಣೆ ಅನಿವಾರ್ಯವೆನ್ನುವಷ್ಟು ಹೊಂದಿತು. ಅಲ್ಲಿ ಎಲ್ಲ ಅಕ್ಷರಗಳಿಗೂ ಒಂದೇ ಅಗಲದ ಜಾಗ. ಸಪೂರವಾದ ‘ಐ’ಗೂ ‘ಎಲ್’ಗೂ ಅಗಲವಾದ ಪಾದವಿಲ್ಲದಿದ್ದರೆ ಅಕ್ಕಪಕ್ಕ ಬರಿದಾಗಿ ಪದವೇ ಒಡೆದಂತೆ ಕಾಣುತ್ತಿತ್ತು.

ಇಂತಹ ಮಣೆಯನ್ನು ನಮ್ಮ ಕನ್ನಡಕ್ಕೂ ಹಾಕಬಹುದೆ? ಇಲ್ಲಿಯೇ ತೊಡಕು. ಕನ್ನಡದ ಅಕ್ಷರ ಪಾದದಿಂದಲ್ಲ, ತಲೆಕಟ್ಟಿನಿಂದ ಗುರುತಾಗುವಂಥದು. ಮಣೆ ಹಾಕಬೇಕಾದ ಸ್ಥಳದಲ್ಲಿ ಒತ್ತಕ್ಷರ ಮೊದಲೇ ಬಂದು ಕುಳಿತಿದೆ. ಬರಿದೆ ದಪ್ಪ ಮಾಡೋಣವೆಂದರೆ ಮಹಾಪ್ರಾಣದ ಬುಡದ ಸೀಳು ಮಸಿಯಲ್ಲಿ ಮುಚ್ಚಿ, ಧನವು ದನವಾಗುತ್ತದೆ. ಚುಕ್ಕೆ ಮೂಡದಿದ್ದರೆ ‘ಠರಾವು’ ಹೋಗಿ ‘ರರಾವು’. ಹಿಂದೊಮ್ಮೆ ಸಂಘವೊಂದರ ಕರಪತ್ರದಲ್ಲಿ ‘ದನಸಹಾಯ’ ಎಂದು ಮೂಡಿದುದನ್ನು ಕಂಡು, ನಮ್ಮ ನೆರೆಯ ಅಜ್ಜಿ ಹಾಲು ಕೊಡುವ ದನವೇ ಸಿಕ್ಕೀತೆಂದು ನಂಬಿ ಅರ್ಜಿ ಹಿಡಿದು ಹೊರಟಿದ್ದರು. ನಾವು ನಕ್ಕೆವು. ಅಜ್ಜಿ ನಗಲಿಲ್ಲ.

ಆದುದರಿಂದ ಕನ್ನಡದ ಮೊಳೆಗೆ ಗಟ್ಟಿತನವನ್ನು ಬೇರೆ ದಾರಿಯಿಂದ ತರಬೇಕಾಯಿತು: ಹೊಟ್ಟೆಯೊಳಗಿನ ಬಯಲನ್ನು ಹಿಗ್ಗಿಸಿ, ಸೀಳನ್ನು ಆಳವಾಗಿ ತೆರೆದು. ಈ ಜಿಲ್ಲೆಗೆ ಅಚ್ಚಿನ ಪರಿಚಯ ಹಳೆಯದು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ ಆರಂಭವಾದುದು 1841ರಲ್ಲಿ. 1843ರ ಜುಲೈ 1ರಂದು ಹೊರಬಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು, ಮೊಳೆಯದಲ್ಲ. 1894ರ ಕಿಟೆಲರ ನಿಘಂಟು ಮೊಳೆ ಜೋಡಿಸಿದವರ ಸಹನೆಗೆ ಸಾಕ್ಷಿ. ಪುತ್ತೂರಿನಲ್ಲಿ ಶಿವರಾಮ ಕಾರಂತರು ಗ್ರಂಥ ಬರೆದುದಲ್ಲದೆ ಅಚ್ಚು, ಪ್ರಕಟಣೆಗಳ ಹೊರೆಯನ್ನೂ ತಾವೇ ಹೊತ್ತರು.

ಆದರೆ ದಪ್ಪಕ್ಷರದ ನಿಜವಾದ ಪರೀಕ್ಷೆ ನಡೆದುದು ಗ್ರಂಥದಲ್ಲಲ್ಲ, ಬಯಲಾಟದ ಬಣ್ಣದ ಕರಪತ್ರದಲ್ಲಿ. ಪ್ರಸಂಗದ ಹೆಸರು ಬಸ್ಸಿನ ಕಿಟಕಿಗೂ ಕಾಣಬೇಕು, ಕಲಾವಿದರ ಹೆಸರು ಅಂಗೈಯ ಮೇಲೂ ಓದಿಸಿಕೊಳ್ಳಬೇಕು.

ಇಂದು ಗಣಕಯಂತ್ರದ ಒಂದು ಗುಂಡಿ ಒತ್ತಿದರೆ ಯಾವ ಅಕ್ಷರವೂ ದಪ್ಪವಾಗುತ್ತದೆ. ಅದಕ್ಕೆಂದೇ ಬರೆದ ದಪ್ಪಕ್ಷರವಿಲ್ಲದಿದ್ದರೆ ಯಂತ್ರವು ಎಲ್ಲ ಕಡೆಯೂ ಒಂದೇ ಸಮನೆ ಉಬ್ಬಿಸಿಬಿಡುತ್ತದೆ. ಸೀಳು ಮತ್ತೆ ಮುಚ್ಚುತ್ತದೆ. ಕಡಬದ ಪೇಟೆಯಲ್ಲಿ ಬಸ್ಸಿಗೆ ಕಾಯುವಾಗ ಎದುರಿನ ಫಲಕಗಳಲ್ಲಿ ‘ದ’ ಯಾವುದು, ‘ಧ’ ಯಾವುದು ಎಂದು ಹುಡುಕುವುದು ನನಗೊಂದು ಚಟವಾಗಿದೆ. ಕನ್ನಡಕ ಬದಲಿಸಿ ನೋಡಿದೆ, ದೋಷ ಕಣ್ಣಿನದಲ್ಲ.