ಶುಶ್ರೂಷೆಯ ಕಲಿಕೆ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳು ವಿಜಯಪುರ ಜಿಲ್ಲೆಯ ತಾಲ್ಲೂಕುಗಳು. ಅಲ್ಲಿಯ ಹಳ್ಳಿಗಳಲ್ಲಿ ಹೆರಿಗೆಯ ನೋವು ಬಂದ ತಾಯಿಯನ್ನೂ ಹೊಲದಲ್ಲಿ ಹಾವು ಕಚ್ಚಿದ ರೈತನನ್ನೂ ಮೊದಲು ಕರೆದೊಯ್ಯುವುದು ಹತ್ತಿರದ ಆರೋಗ್ಯ ಕೇಂದ್ರಕ್ಕೆ, ಇಲ್ಲವೆ ತಾಲ್ಲೂಕು ಆಸ್ಪತ್ರೆಗೆ. ವೈದ್ಯರು ಪರೀಕ್ಷಿಸಿ ಔಷಧವನ್ನು ಸೂಚಿಸುತ್ತಾರೆ. ಹಗಲಿರುಳೂ ಬಳಿಯಿದ್ದು, ರೋಗಿಯ ಸ್ಥಿತಿಯಲ್ಲಾಗುವ ಸಣ್ಣ ಬದಲಾವಣೆಯನ್ನೂ ಗುರುತಿಸುವವರು ಶುಶ್ರೂಷಕರು.

ಈ ವೃತ್ತಿಗೆ ಹಲವು ದಾರಿಗಳಿವೆ. ಪಿ.ಯು.ಸಿ.ಯ ತರುವಾಯ ಹೆಣ್ಣುಮಕ್ಕಳು 2 ವರ್ಷಗಳ ಎ.ಎನ್.ಎಂ. ಶಿಕ್ಷಣವನ್ನು ಪಡೆಯಬಹುದು. ಜನರಲ್ ನರ್ಸಿಂಗ್ ಶಿಕ್ಷಣದ ಅವಧಿ 3 ವರ್ಷ. ವಿಜ್ಞಾನವನ್ನು ಓದಿದವರಿಗೆ 4 ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಪದವಿಯುಂಟು. ಜನರಲ್ ನರ್ಸಿಂಗ್ ಮುಗಿಸಿದವರು ಮತ್ತೆ 2 ವರ್ಷ ಓದಿ ಪದವೀಧರರಾಗಬಹುದು. ಕಾಲೇಜನ್ನು ಸೇರುವ ಮುನ್ನ ಅದಕ್ಕೆ ಮಾನ್ಯತೆ ಇದೆಯೇ ಎಂದು ವಿಚಾರಿಸುವುದು ಅಗತ್ಯ. ಮಾನ್ಯತೆಯಿಲ್ಲದ ಕಡೆ ಓದಿದವರಿಗೆ ವೃತ್ತಿಯ ನೋಂದಣಿ ದೊರೆಯದು.

1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರ ಶುಶ್ರೂಷಾ ಶಾಲೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿಯೇ ಆರಂಭವಾಯಿತು. ಪಾಠವೂ ರೋಗಿಯೂ ಒಂದೆಡೆ ಇರಬೇಕೆಂಬ ಆ ಕ್ರಮ ಇಂದಿಗೂ ನಡೆದಿದೆ. ವಿದ್ಯಾರ್ಥಿಗಳು ಮೊದಲು ಬೊಂಬೆಯ ಮೇಲೆ ಅಭ್ಯಾಸ ಮಾಡುತ್ತಾರೆ. ಆಮೇಲೆ ವಾರ್ಡಿಗೆ ಹೋಗುತ್ತಾರೆ. ಕೈ ತೊಳೆಯುವುದು, ನಾಡಿ ನೋಡುವುದು, ರೋಗಿಯನ್ನು ಏಳಿಸದೆಯೇ ಹಾಸಿಗೆ ಬದಲಿಸುವುದು ಮೊದಲ ಪಾಠಗಳು. ಔಷಧ ಕೊಡುವಾಗ ರೋಗಿ, ಔಷಧ, ಪ್ರಮಾಣ, ವೇಳೆ, ಕೊಡುವ ವಿಧಾನ ಈ ಐದನ್ನೂ ಸರಿನೋಡಬೇಕು. ಒಂದು ತಪ್ಪಿದರೂ ಜೀವಕ್ಕೆ ಅಪಾಯ.

ಶಿಕ್ಷಣದ ಅವಧಿಯಲ್ಲಿ ವಿದ್ಯಾರ್ಥಿಗಳು ಶಸ್ತ್ರಚಿಕಿತ್ಸೆ, ಹೆರಿಗೆ, ಮಕ್ಕಳ ಚಿಕಿತ್ಸೆ, ಮನೋರೋಗ ಮುಂತಾದ ವಿಭಾಗಗಳಲ್ಲಿ ಸರದಿಯಂತೆ ದುಡಿಯುತ್ತಾರೆ, ಹಳ್ಳಿಗಳಿಗೂ ಹೋಗುತ್ತಾರೆ. ತಮ್ಮ ಮನಸ್ಸು ಯಾವ ಕೆಲಸದಲ್ಲಿ ನಿಲ್ಲುವುದೆಂಬುದು ಅವರಿಗೆ ತಿಳಿಯುವುದು ಆಗಲೇ. ಕೆಲಸ ಸಿಗುವುದೆಂದಷ್ಟೇ ಬಂದವರಲ್ಲಿ ಒಬ್ಬರು ಹಸುಗೂಸುಗಳ ಆರೈಕೆಗೆ ಒಲಿಯಬಹುದು. ಇನ್ನೊಬ್ಬರು ಮುಂದೆ ಓದಿ ಬೋಧಕರಾಗಬಹುದು. ವೃತ್ತಿಯ ನಿಜವಾದ ಆಯ್ಕೆ ನಡೆಯುವುದು ಪ್ರವೇಶದ ದಿನದಲ್ಲಲ್ಲ, ರೋಗಿಯ ಮಗ್ಗುಲಲ್ಲಿ.

ಕೊನೆಗೆ ಉಳಿಯುವುದು ಕಠಿಣವಾದ ಪ್ರಶ್ನೆ: ದುಡಿಯುವುದು ಎಲ್ಲಿ? ದೊಡ್ಡ ನಗರಗಳೂ ಹೊರದೇಶಗಳೂ ಹೆಚ್ಚಿನ ಸಂಬಳದಿಂದ ಕರೆಯುತ್ತವೆ. ಓದಿಗಾಗಿ ಸಾಲ ಮಾಡಿದ ಮನೆಯವರು ಅದನ್ನು ಬಯಸಿದರೆ ತಪ್ಪೆನ್ನಲಾಗದು. ಆದರೆ ಊರಿನ ಮುದುಕಿಯೊಬ್ಬಳು ತನ್ನ ನೋವನ್ನು ತನ್ನ ಮಾತಿನಲ್ಲಿಯೇ ಹೇಳಬಲ್ಲಳು. ಅದನ್ನು ಅರಿಯಬಲ್ಲವರು ಆ ಸೀಮೆಯಲ್ಲಿ ಬೆಳೆದವರು. ಬಸವನ ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದವರು ಅವರು. ಗಾಯವನ್ನು ತೊಳೆಯುವ ಕೈಗೂ ಆ ಗೌರವ ಸಲ್ಲಬೇಕು.