ದೇಜಿಮಾದ ತಕ್ಕಡಿ

ನಾಗಾಸಾಕಿಯಲ್ಲಿ ಟ್ರಾಮ್ ಇಳಿದು ರಸ್ತೆ ದಾಟಿದರೆ ದೇಜಿಮಾ. ದ್ವೀಪವೆಂದು ಕೇಳಿ ಬಂದವರ ಕಣ್ಣು ಮೊದಲು ಕಡಲನ್ನು ಹುಡುಕುತ್ತದೆ. ಕಡಲಿಲ್ಲ. ಒಂದು ಮಗ್ಗುಲಲ್ಲಿ ನಕಾಶಿಮಾ ಹೊಳೆ. ಉಳಿದ ಕಡೆಯೆಲ್ಲ ಡಾಂಬರು ರಸ್ತೆ, ಅಂಗಡಿ, ಕಚೇರಿ, ಸಿಗ್ನಲ್ಲಿಗೆ ಕಾದು ನಿಂತ ಕಾರುಗಳು. ಇಪ್ಪತ್ತನೇ ಶತಮಾನದ ಮೊದಲಲ್ಲಿ ಬಂದರನ್ನು ದೊಡ್ಡದು ಮಾಡುವಾಗ ಸುತ್ತಲ ನೀರಿಗೆ ಮಣ್ಣು ತುಂಬಿದರು, ದ್ವೀಪ ಊರಿನೊಳಗೆ ಕರಗಿಹೋಯಿತು. ಈಗ ನಗರಸಭೆ ಅದನ್ನು ಒಂದೊಂದೇ ಮನೆಯಾಗಿ ಮತ್ತೆ ಕಟ್ಟುತ್ತಿದೆ. 2017ರ ನವೆಂಬರಿನಲ್ಲಿ ಹೊಳೆಯ ಮೇಲೆ ಹೊಸ ಕಾಲುಸೇತುವೆ ತೆರೆಯಿತು. ಹಳೆಯ ಕಲ್ಲು ಸೇತುವೆ ಇದ್ದ ದಿಕ್ಕಿನಿಂದಲೇ, ಊರ ಕಡೆಯಿಂದಲೇ, ಜನ ಒಳಗೆ ಬರುತ್ತಾರೆ.

ಡಚ್ಚರಿದ್ದ ಕಾಲದಲ್ಲಿ ಸೇತುವೆಯ ಬಳಿ ಒಂದು ಫಲಕ ನೆಟ್ಟಿತ್ತು. ಯಾರು ಒಳಗೆ ಹೋಗಬಹುದು, ಯಾರು ಕೂಡದು ಎಂಬ ಪಟ್ಟಿ ಅದು. ವೇಶ್ಯೆಯರ ಹೊರತು ಬೇರೆ ಹೆಂಗಸರು ಕೂಡದು, ಕೋಯಾ ಬೆಟ್ಟದ ಭಿಕ್ಷುಗಳ ಹೊರತು ಬೇರೆ ಸನ್ಯಾಸಿಗಳು ಕೂಡದು, ಬೇಡುವವರು ಕೂಡದು. ಒಳಗಿದ್ದ ಡಚ್ಚರು ಅಪ್ಪಣೆಯಿಲ್ಲದೆ ಹೊರಗೆ ಹೆಜ್ಜೆ ಇಡುವಂತಿರಲಿಲ್ಲ. ನಾಲ್ಕು ಎಕರೆಗೂ ಕಡಿಮೆ ಇರುವ ಈ ಬೀಸಣಿಗೆಯಾಕಾರದ ನೆಲವನ್ನು 1634ರಿಂದ 1636ರವರೆಗೆ ಕಡಲಲ್ಲಿ ಕಟ್ಟಿದ್ದು ಪೋರ್ಚುಗೀಸರನ್ನು ಕೂಡಿಡಲು. ಹಣ ಹಾಕಿದವರು ನಾಗಾಸಾಕಿಯ 25 ವರ್ತಕರು. ಪೋರ್ಚುಗೀಸರನ್ನು ಓಡಿಸಿದ ಮೇಲೆ, 1641ರಲ್ಲಿ, ಡಚ್ ಈಸ್ಟ್ ಇಂಡಿಯಾ ಕಂಪನಿಯನ್ನು ಇಲ್ಲಿಗೆ ತಂದು ಕೂರಿಸಿದರು. ಮುಂದೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಯುರೋಪಿನವರಿಗೆ ಜಪಾನಿನ ಬಾಗಿಲು ಎಂದರೆ ಇದೊಂದೇ.

ಕಂಪನಿಯ ಮುಖ್ಯಸ್ಥನ ಮನೆಯ ಮಹಡಿಯಲ್ಲಿ ಇವತ್ತೂ ನೆಲಕ್ಕೆ ತತಾಮಿ ಚಾಪೆ, ಗೋಡೆಗೆ ಹೂಬಳ್ಳಿಯ ಕಾಗದ, ನಡುವೆ ಉದ್ದ ಮೇಜು. ಕ್ರೈಸ್ತ ಧರ್ಮಕ್ಕೆ ನಿಷೇಧವಿದ್ದ ನಾಡಿನಲ್ಲಿ ಈ ಮೇಜಿನ ಸುತ್ತ ಕೂತವರು ಕ್ರಿಸ್‌ಮಸ್ಸನ್ನು 'ಡಚ್ಚರ ಮಕರಾಯನದ ಹಬ್ಬ' ಎಂಬ ಹೆಸರಿನಲ್ಲಿ ಮಾಡುತ್ತಿದ್ದರು. ಕೆಳಗಿನ ಗೋದಾಮುಗಳಲ್ಲಿ ಸಕ್ಕರೆ, ಕಚ್ಚಾ ರೇಷ್ಮೆ, ಜಿಂಕೆ ಚರ್ಮ, ನಮ್ಮ ಕೋರಮಂಡಲ ತೀರದ ಅಚ್ಚಿನ ಬಟ್ಟೆ. ಕವಾಹರ ಕೇಗಾ ಎಂಬ ನಾಗಾಸಾಕಿಯ ಚಿತ್ರಕಾರ ಬಿಡಿಸಿದ ದೃಶ್ಯಗಳಲ್ಲಿ ಸರಕನ್ನು ತೂಗುವ ಚಿತ್ರವೂ ಒಂದು. ಆ ಚಿತ್ರದ ಮುಂದೆ ನಾನು ತುಂಬ ಹೊತ್ತು ನಿಲ್ಲಬಲ್ಲೆ. ಇಂದಿನ ಇಂಟರ್ನೆಟ್ ಕಾನೂನಿನ ಅರ್ಧ ಕಥೆ ಅದರಲ್ಲೇ ಇದೆ.

ಉಳಿದರ್ಧ ಪುಸ್ತಕದಲ್ಲಿದೆ. ಚೀನೀ ಹಡಗುಗಳಲ್ಲಿ ಬಂದ ಪುಸ್ತಕಗಳನ್ನು ಹಾಳೆ ಬಿಡಿಸಿ ಪರೀಕ್ಷಿಸಲು ಇದೇ ನಾಗಾಸಾಕಿಯಲ್ಲಿ ಪ್ರತ್ಯೇಕ ಅಧಿಕಾರಿಗಳಿದ್ದರು. ಕ್ರೈಸ್ತ ಧರ್ಮದ ಸುಳಿವು ಕಂಡರೆ ಸಾಲಿಗೆ ಮಸಿ ಬೀಳುತ್ತಿತ್ತು, ಇಲ್ಲವೇ ಪುಸ್ತಕವೇ ವಾಪಸು. 1630ರಲ್ಲಿ ಹೇರಿದ ಈ ಬಿಗಿಯನ್ನು ಶೋಗನ್ ಯೋಶಿಮುನೆ 1720ರಲ್ಲಿ ಸಡಿಲಿಸಿದ. ಆಮೇಲೆ ಬೆಳೆದ ತಲೆಮಾರು ಡಚ್ ಭಾಷೆಯ ಅಂಗರಚನಾಶಾಸ್ತ್ರದ ಪುಸ್ತಕವನ್ನು ಜಪಾನೀ ಭಾಷೆಗೆ ತಂದದ್ದು 1774ರಲ್ಲಿ. ಡಚ್ ಹಡಗು ಲಂಗರು ಹಾಕಿದೊಡನೆ ದುಭಾಷಿಗಳು ಕಂಪನಿಯ ಮುಖ್ಯಸ್ಥನ ಮುಂದೆ ಕೂತು ಲೋಕದ ಸುದ್ದಿಯನ್ನು ಬರೆದುಕೊಳ್ಳುತ್ತಿದ್ದರು. ಆ ವರದಿ ಪ್ರತಿ ವರ್ಷ ಎದೋಗೆ, ಅಂದರೆ ಈಗಿನ ಟೋಕಿಯೊಗೆ, ಹೋಗುತ್ತಿತ್ತು. ಅಮೆರಿಕದ ಯುದ್ಧನೌಕೆಗಳು ಬರಲಿವೆ ಎಂಬ ಸುದ್ದಿ 1852ರಲ್ಲೇ ಈ ದಾರಿಯಲ್ಲಿ ಶೋಗನ್ನನ ಸರ್ಕಾರಕ್ಕೆ ಮುಟ್ಟಿತ್ತು. ಆ ನೌಕೆಗಳು, ಅಮೆರಿಕದ ನೌಕಾಧಿಕಾರಿ ಪೆರಿಯ ಕಪ್ಪು ಹಡಗುಗಳು, ಬಂದದ್ದು ಮರುವರ್ಷ. ಸುದ್ದಿ ಬಂದಿತ್ತು, ಜನಕ್ಕೆ ಹೇಳಲಿಲ್ಲ, ಹೇಳಿಕೊಳ್ಳುವಂಥ ಸಿದ್ಧತೆಯೂ ಆಗಲಿಲ್ಲ.

ಒಂದೇ ಬಾಗಿಲಲ್ಲಿ ಹೀಗೆ ಎರಡು ಕೆಲಸ ನಡೆಯುತ್ತಿತ್ತು: ಸರಕನ್ನು ತೂಗುವುದು, ಕಾಗದವನ್ನು ಬಿಚ್ಚುವುದು. ತೂಗುವುದಕ್ಕೆ ಗಟ್ಟಿ ಕಾರಣವಿತ್ತು. ಬೆಳ್ಳಿ ಹೊರಗೆ ಹರಿದು ಹೋಗುತ್ತಿತ್ತು. ಸುಮಾರು ನೂರು ವರ್ಷದಲ್ಲಿ ನಾಡಿನ ಚಿನ್ನದಲ್ಲಿ ಕಾಲುಭಾಗ, ಬೆಳ್ಳಿಯಲ್ಲಿ ಮುಕ್ಕಾಲು ಭಾಗ ಹೋಗಿದೆ ಎಂದು ಶೋಗನ್ನನ ಸಲಹೆಗಾರ ಅರಾಯ್ ಹಕುಸೆಕಿ ಲೆಕ್ಕ ಹಾಕಿದ. 1715ರಲ್ಲಿ ಹೊಸ ಕಟ್ಟಳೆ ಬಂತು: ಡಚ್ಚರಿಗೆ ವರ್ಷಕ್ಕೆ ಎರಡೇ ಹಡಗು, ಚೀನೀಯರಿಗೆ ಮೂವತ್ತು. ವ್ಯಾಪಾರದ ಮೊತ್ತಕ್ಕೂ ಮಿತಿ.

ಬೆಳ್ಳಿಯ ಈ ಲೆಕ್ಕ ಹಳೆಯದೆಂದು ಬದಿಗಿಡುವಂತಿಲ್ಲ. ಇವತ್ತಿನ ಜಪಾನಿನ ಪತ್ರಿಕೆಗಳಲ್ಲಿ 'ಡಿಜಿಟಲ್ ಕೊರತೆ' ಎಂಬ ಮಾತು ಮತ್ತೆ ಮತ್ತೆ ಕಾಣುತ್ತದೆ. ಕ್ಲೌಡ್ ಬಾಡಿಗೆ, ಜಾಹೀರಾತು, ಸಾಫ್ಟ್‌ವೇರ್ ಪರವಾನಗಿ, ಸಿನಿಮಾ ಮತ್ತು ಸಂಗೀತದ ಚಂದಾ, ಇವೆಲ್ಲಕ್ಕೆ ಜಪಾನ್ ಹೊರಗೆ ಕೊಡುವ ಹಣ ಒಳಗೆ ಬರುವುದಕ್ಕಿಂತ 2023ರಲ್ಲಿ ಸುಮಾರು 5.5 ಲಕ್ಷ ಕೋಟಿ ಯೆನ್ ಹೆಚ್ಚಿತ್ತು. ವಾಕ್‌ಮನ್ ಮಾಡಿ ಲೋಕಕ್ಕೆಲ್ಲ ಮಾರಿದ, 1999ರಲ್ಲೇ ಐ-ಮೋಡ್ ಮೂಲಕ ಮೊಬೈಲಿಗೆ ಇಂಟರ್ನೆಟ್ ತಂದ ದೇಶ ಇದು. ಈಗ ಅಲ್ಲಿನ ರೈಲಿನಲ್ಲಿ ಕೂತವರ ಅಂಗೈಯ ಪರದೆಯ ಹಿಂದೆ ಇರುವುದು ಕ್ಯಾಲಿಫೋರ್ನಿಯಾದ ಎರಡು ಕಂಪನಿಗಳ ವ್ಯವಸ್ಥೆ.

ತಂತಿಯ ಕಥೆಯೂ ನಾಗಾಸಾಕಿಯಿಂದಲೇ ಶುರು. 1871ರಲ್ಲಿ ಡೆನ್ಮಾರ್ಕಿನ ಗ್ರೇಟ್ ನಾರ್ದರ್ನ್ ಟೆಲಿಗ್ರಾಫ್ ಕಂಪನಿ ಶಾಂಘೈ ಮತ್ತು ವ್ಲಾದಿವೋಸ್ತೋಕಿನಿಂದ ಕಡಲಡಿಯ ಕೇಬಲ್ ಎಳೆದು ಇಲ್ಲಿಯ ದಡಕ್ಕೆ ತಂದಿತು. ಆಗ ನಾಗಾಸಾಕಿಯಿಂದ ಟೋಕಿಯೊಗೇ ತಂತಿ ಇರಲಿಲ್ಲ. ಅದು ಬಂದದ್ದು 1873ರಲ್ಲಿ. ನಾಗಾಸಾಕಿಗೆ ರಾಜಧಾನಿಯ ತಂತಿಗಿಂತ ಮೊದಲು ಹೊರಲೋಕದ ತಂತಿ ಬಂತು, ಬೇರೆಯವರ ಕೈಯಲ್ಲಿ ಬಂತು. 1882ರಲ್ಲಿ ಕೊರಿಯಾದ ಕಡೆಗೆ ಕೇಬಲ್ ಬೇಕಾದಾಗ, ಅದಕ್ಕೆ ಬದಲಾಗಿ ಏಷ್ಯಾ ಖಂಡಕ್ಕೆ ಹೊಸ ಕೇಬಲ್ ಎಳೆಯುವ ಏಕಸ್ವಾಮ್ಯವನ್ನು ಶೋಗನ್ನರ ನಂತರ ಬಂದ ಮೇಜಿ ಸರ್ಕಾರ ಆ ಕಂಪನಿಗೆ ಬರೆದುಕೊಟ್ಟಿತು. ಆ ಒಪ್ಪಂದದ ಬಿಗಿಯಿಂದ ಬಿಡಿಸಿಕೊಳ್ಳಲು ದಶಕಗಳೇ ಬೇಕಾದವು. ಪೆಸಿಫಿಕ್ ದಾಟಿ ಅಮೆರಿಕದಿಂದ ಮೊದಲ ಟೆಲಿಫೋನ್ ಕೇಬಲ್ ಬಂದದ್ದು 1964ರ ಜೂನಿನಲ್ಲಿ, ಟೋಕಿಯೊ ಒಲಿಂಪಿಕ್ಸಿಗೆ ಕೆಲವೇ ತಿಂಗಳು ಮೊದಲು. ನಿನೋಮಿಯಾ ಎಂಬ ಕಡಲ ತಡಿಯ ಊರಿಗೆ. ಪ್ರಧಾನಿ ಇಕೆದಾ ಮತ್ತು ಅಧ್ಯಕ್ಷ ಜಾನ್ಸನ್ ಅದರಲ್ಲಿ ಮೊದಲ ಮಾತಾಡಿದರು.

ಇಂದು ಆ ದಾರಿ ಕಾಣಬೇಕಿದ್ದರೆ ಬೋಸೋ ಪರ್ಯಾಯ ದ್ವೀಪದ ತುದಿಗೆ, ಮಿನಾಮಿಬೋಸೋದ ಚಿಕುರಾಗೆ ಹೋಗಬೇಕು. ಜನವರಿ ಕಳೆಯುವ ಹೊತ್ತಿಗೆ, ಟೋಕಿಯೊದಲ್ಲಿ ಜನ ಇನ್ನೂ ಕೋಟಿನ ಕಾಲರ್ ಎತ್ತಿಕೊಂಡು ನಡೆಯುವಾಗ, ಇಲ್ಲಿ ರಸ್ತೆಯ ಪಕ್ಕದ ಹೊಲಗಳಲ್ಲಿ ಗಸಗಸೆ ಹೂ, ಸಾಸಿವೆ ಹೂ. ಟೋಕಿಯೊದಿಂದ ಬಂದವರು ಕತ್ತರಿ ಹಿಡಿದು ತಾವೇ ಹೂ ಕುಯ್ದುಕೊಂಡು ಎಣಿಸಿ ಹಣ ಕೊಡುತ್ತಾರೆ. ರಸ್ತೆಯಾಚೆ ಕಪ್ಪು ಬಂಡೆ, ಒಣಗಲು ಹಾಕಿದ ಬಲೆ, ಮೀನಿನ ವಾಸನೆ. ಹುಡುಕಿದರೂ ಕೇಬಲ್ ಕಾಣದು; ಅದು ಮರಳಿನಡಿ ಸಾಗಿ ಒಳಗೆ ಹೋಗುತ್ತದೆ. ಜಪಾನಿನ ಹೊರದೇಶದ ಸಂಪರ್ಕದಲ್ಲಿ ಶೇ 99ರಷ್ಟು ಹಾಯುವುದು ಇಂಥ ಕಡಲ ಕೇಬಲ್ಲುಗಳಲ್ಲೇ, ಅವುಗಳಲ್ಲಿ ಬಹುಪಾಲು ದಡ ಮುಟ್ಟುವುದು ಇಲ್ಲಿ ಮತ್ತು ಮಿಯೆ ಪ್ರಾಂತದ ಶಿಮಾದಲ್ಲಿ. ಆಳ ಸಮುದ್ರದಲ್ಲಿ ಕೇಬಲ್ ಹೆಬ್ಬೆರಳಿನಷ್ಟೇ ದಪ್ಪ. 2016ರಲ್ಲಿ ಕೆಲಸಕ್ಕೆ ಬಂದ 'ಫಾಸ್ಟರ್' ಎಂಬುದು ಅಮೆರಿಕದ ಆರೆಗನ್ ತೀರದಿಂದ ಸುಮಾರು 9,000 ಕಿ.ಮೀ. ಬಂದು ಚಿಕುರಾ ಮತ್ತು ಶಿಮಾ ಎರಡಕ್ಕೂ ತಲುಪುತ್ತದೆ. ಅದರ ಪಾಲುದಾರರಲ್ಲಿ ಜಪಾನಿನ ದೂರಸಂಪರ್ಕ ಕಂಪನಿ ಕೆಡಿಡಿಐ ಇದೆ. ಗೂಗಲ್ ಕೂಡ ಇದೆ. ಹುಡುಕಾಟ ಅವರದು, ಫೋನಿನ ವ್ಯವಸ್ಥೆ ಅವರದು, ಕಡಲಡಿಯ ತಂತಿಯಲ್ಲೂ ಪಾಲು ಅವರದು, ಟೋಕಿಯೊ ಬಳಿಯ ಇಂಜಾಯ್‌ನಲ್ಲಿ 2023ರಲ್ಲಿ ತೆರೆದ ಡೇಟಾ ಕೇಂದ್ರವೂ ಅವರದು. ಗ್ರೇಟ್ ನಾರ್ದರ್ನಿಗೆ ಇಷ್ಟು ಇರಲಿಲ್ಲ.

ಒಂದೆರಡು ತೀರದಲ್ಲೇ ಎಲ್ಲ ತಂತಿ ಸೇರಿರುವುದು ಅಪಾಯ. 2011ರ ಮಾರ್ಚಿನ ಭೂಕಂಪದಲ್ಲಿ ಕಡಲ ತಳ ಕುಸಿದು ಹಲವು ಕೇಬಲ್ ಕಡಿದವು. ಉಳಿದವುಗಳ ಮೇಲೆ ಮಾತು ತಿರುಗಿಸಿ ದೇಶ ಹೇಗೋ ಸಂಪರ್ಕ ಉಳಿಸಿಕೊಂಡಿತು. ಜಪಾನ್ ಸಮುದ್ರದ ಬದಿಯಲ್ಲೂ ಕೇಬಲ್ ಹಾಕಿ ದ್ವೀಪವನ್ನು ಸುತ್ತುಗಟ್ಟುವ ಯೋಜನೆಗೆ ಸರ್ಕಾರ 2022ರಲ್ಲಿ ಕೈಹಾಕಿತು. ಇದನ್ನು ಓದುವಾಗ ನನಗೆ ನಮ್ಮ ಕರಾವಳಿ ನೆನಪಾಗುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ 300 ಕಿ.ಮೀ.ಗೂ ಮಿಕ್ಕ ತೀರವಿದೆ, ಬೆನ್ನಿಗೆ ಬೆಂಗಳೂರಿದೆ. ಆದರೆ ಬೆಂಗಳೂರಿನ ಮಾತು ಹೊರದೇಶಕ್ಕೆ ಹೋಗುವುದು ಹೆಚ್ಚಾಗಿ ಮುಂಬೈ, ಚೆನ್ನೈ ತೀರಗಳನ್ನು ಹಾದು. ಮಂಗಳೂರಿಗೂ ಒಂದು ಕೇಬಲ್ ಬರಲಿ ಎಂಬ ಬೇಡಿಕೆ ಇದೆ. ಅದು ಈಡೇರಬೇಕು.

ಒಸಾಕಾ ಕೊಲ್ಲಿಯಲ್ಲಿ ಸಾಕಿಶಿಮಾ ಎಂಬ ಇನ್ನೊಂದು ಕಟ್ಟಿದ ದ್ವೀಪವಿದೆ. ಬಿಳಿ ಕಾಂಕ್ರೀಟು, ಅಗಲ ರಸ್ತೆ, ಕಂಟೇನರುಗಳ ಸಾಲು. ಅಲ್ಲಿಯ ಇಂಟೆಕ್ಸ್ ಸಭಾಂಗಣದಲ್ಲಿ 2019ರ ಜೂನ್ 28, 29ರಂದು ಜಿ20 ನಾಯಕರು ಸೇರಿದರು. ನಂಬಿಕೆಯೊಂದಿಗೆ ದತ್ತಾಂಶ ಮುಕ್ತವಾಗಿ ಗಡಿ ದಾಟಲಿ ಎಂಬ ಸೂತ್ರವನ್ನು ಪ್ರಧಾನಿ ಶಿಂಜೊ ಅಬೆ ಆ ಜನವರಿಯಲ್ಲಿ ದಾವೋಸಿನಲ್ಲಿ ಮುಂದಿಟ್ಟಿದ್ದರು. ಒಸಾಕಾದಲ್ಲಿ ಅದಕ್ಕೆ ಸಹಿ ಬೇಕಿತ್ತು. ಸಹಿ ಹಾಕದ ಜಿ20 ದೇಶಗಳು ಮೂರು: ಭಾರತ, ಇಂಡೊನೇಷ್ಯಾ, ದಕ್ಷಿಣ ಆಫ್ರಿಕಾ. ದತ್ತಾಂಶ ಹೊಸ ಬಗೆಯ ಸಂಪತ್ತು, ಅದರ ಮಾತು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಆಗಲಿ ಎಂಬುದು ಭಾರತದ ನಿಲುವಾಗಿತ್ತು. ಪಾವತಿಯ ದತ್ತಾಂಶ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲಿನಲ್ಲೇ ಹೇಳಿತ್ತು. ಮುಂದೆ ಜಪಾನ್, ಆಸ್ಟ್ರೇಲಿಯಾ, ಸಿಂಗಪುರ ಸೇರಿ ನಡೆಸಿದ ಇ-ವಾಣಿಜ್ಯ ಮಾತುಕತೆಯ ಕರಡು 2024ರ ಜುಲೈನಲ್ಲಿ ಸಿದ್ಧವಾಯಿತು. ಅದಕ್ಕೆ ಒಪ್ಪಿಗೆ ಕೊಟ್ಟವರಲ್ಲಿ ಭಾರತವೂ ಇಲ್ಲ, ಅಮೆರಿಕವೂ ಇಲ್ಲ.

ಭಾರತ ಅಂದು ಸಹಿ ಹಾಕದೆ ಬಂದದ್ದು ಸರಿಯೆಂದೇ ನನ್ನ ಅಭಿಪ್ರಾಯ. ದತ್ತಾಂಶ ಸಂಪತ್ತಾದರೆ ಅದನ್ನು ತೂಗಲು ಪ್ರತಿ ನಾಡಿಗೂ ಹಕ್ಕಿದೆ. ಮುಕ್ತ ಹರಿವನ್ನು ಸಾರಿದ ಜಪಾನ್ ತಾನೂ ತಕ್ಕಡಿಯನ್ನು ಕೆಳಗಿಟ್ಟಿಲ್ಲ. ಹೊರದೇಶದ ಆ್ಯಪ್ ಮಾರಾಟಗಾರರಿಂದ ಬರಬೇಕಾದ ಬಳಕೆ ತೆರಿಗೆಯನ್ನು 2025ರ ಏಪ್ರಿಲಿನಿಂದ ದೊಡ್ಡ ವೇದಿಕೆಗಳೇ ಕಟ್ಟಬೇಕು. ಸಂಸತ್ತು 2024ರ ಜೂನಿನಲ್ಲಿ ಒಪ್ಪಿದ ಸ್ಮಾರ್ಟ್‌ಫೋನ್ ಕಾನೂನು 2025ರ ಡಿಸೆಂಬರ್ 18ರಂದು ಪೂರ್ತಿ ಜಾರಿಗೆ ಬಂತು. ಅದನ್ನು ನಡೆಸುವುದು 1947ರಲ್ಲಿ ಹುಟ್ಟಿದ ನ್ಯಾಯಯುತ ವ್ಯಾಪಾರ ಆಯೋಗ. ಅದು ಹೆಸರಿಸಿ ಕಟ್ಟುಪಾಡಿಗೆ ಒಳಪಡಿಸಿದ್ದು ಆ್ಯಪಲ್, ಅದರ ಜಪಾನೀ ಅಂಗಸಂಸ್ಥೆ ಐಟ್ಯೂನ್ಸ್, ಮತ್ತು ಗೂಗಲ್. ಬೇರೆಯವರ ಆ್ಯಪ್ ಅಂಗಡಿಯನ್ನು ತಡೆಯುವಂತಿಲ್ಲ. ಹಣ ಪಾವತಿಗೆ ತಮ್ಮ ದಾರಿಯೊಂದನ್ನೇ ಹೇರುವಂತಿಲ್ಲ. ಬ್ರೌಸರ್ ಯಾವುದು, ಹುಡುಕಾಟದ ಸೇವೆ ಯಾವುದು ಎಂದು ಬಳಸುವವರನ್ನು ಕೇಳಬೇಕು. ಮೀರಿದರೆ ಆ ವ್ಯವಹಾರದ ಆದಾಯದಲ್ಲಿ ಶೇ 20 ದಂಡ. ಟೋಕಿಯೊದ ಯಾವುದೋ ಮೆಟ್ರೊ ಡಬ್ಬಿಯಲ್ಲಿ ಫೋನ್ ತೆರೆದ ಅಜ್ಜಿಯೊಬ್ಬರ ಮುಂದೆ ಹೆಸರುಗಳ ಪಟ್ಟಿ ಮೂಡಿ, ಆರಿಸಿಕೊಳ್ಳಿ ಎಂದು ಕೇಳುತ್ತದೆ. ಸಣ್ಣ ಸಂಗತಿಯೆನಿಸಬಹುದು. ಅಷ್ಟನ್ನು ಕೇಳಿಸಲು ಒಂದು ಶ್ರೀಮಂತ ದೇಶಕ್ಕೆ ವರ್ಷಗಳ ಅಧ್ಯಯನ, ಸಂಸತ್ತಿನ ಕಾನೂನು ಬೇಕಾಯಿತು.

ಇದು ತಕ್ಕಡಿಯ ಮಾತಾಯಿತು. ಕಾಗದ ಬಿಚ್ಚುವ ಕೈಯ ವಿಷಯದಲ್ಲಿ ಜಪಾನ್ ಬೇರೆ ದಾರಿ ಹಿಡಿದಿದೆ, ನನಗೆ ಆ ದೇಶದ ಮೇಲೆ ಗೌರವ ಹುಟ್ಟುವುದು ಇಲ್ಲಿ. 1947ರಿಂದ ಜಾರಿಯಲ್ಲಿರುವ ಅದರ ಸಂವಿಧಾನದ 21ನೇ ವಿಧಿ ಸೆನ್ಸಾರನ್ನು ನಿಷೇಧಿಸುತ್ತದೆ. ಸಂಪರ್ಕದ ಗುಟ್ಟನ್ನು ಯಾರೂ ಮುರಿಯಕೂಡದು ಎನ್ನುತ್ತದೆ. ಈ ವಿಧಿಗೆ ನಿಜವಾದ ಪರೀಕ್ಷೆ ಬಂದದ್ದು 2018ರಲ್ಲಿ. 'ಮಂಗಾಮುರಾ' ಎಂಬ ತಾಣ ಮಂಗಾ ಚಿತ್ರಕಥೆಗಳನ್ನು ಕದ್ದು ಪುಕ್ಕಟೆ ಹಂಚುತ್ತಿತ್ತು. ಮಂಗಾ ಅಲ್ಲಿ ಮಕ್ಕಳಾಟವಲ್ಲ. ಬರೆಯುವವರ, ಮುದ್ರಿಸುವವರ, ಮಾರುವವರ ಅನ್ನ. ಪ್ರಕಾಶಕರ ಸಂಕಟ ನಿಜವಾದದ್ದೇ. ಏಪ್ರಿಲಿನಲ್ಲಿ ಸರ್ಕಾರ ಮೂರು ತಾಣಗಳನ್ನು ಹೆಸರಿಸಿ, ಇವುಗಳ ದಾರಿ ಮುಚ್ಚುವುದು ಸೂಕ್ತ ಎಂದು ಇಂಟರ್ನೆಟ್ ಕಂಪನಿಗಳಿಗೆ ಸೂಚಿಸಿತು. ದೂರಸಂಪರ್ಕ ಕಂಪನಿ ಎನ್‌ಟಿಟಿ ಒಪ್ಪಿತು. ತಕರಾರು ಎದ್ದಿತು: ಒಂದು ತಾಣದ ದಾರಿ ಮುಚ್ಚಬೇಕಿದ್ದರೆ ಎಲ್ಲ ಗ್ರಾಹಕರೂ ಎಲ್ಲಿಗೆ ಹೋಗುತ್ತಿದ್ದಾರೆ ಎಂದು ನೋಡಲೇಬೇಕು, ಹಾಗೆ ನೋಡುವುದೇ ಸಂವಿಧಾನಕ್ಕೆ ವಿರುದ್ಧ. ಸರ್ಕಾರ ಕೂರಿಸಿದ ತಜ್ಞರ ಸಮಿತಿ ತಿಂಗಳುಗಟ್ಟಲೆ ವಾದಿಸಿ, ಆ ಅಕ್ಟೋಬರಿನಲ್ಲಿ ಒಮ್ಮತವಿಲ್ಲದೆ ನಿಂತಿತು. ದಾರಿ ಮುಚ್ಚುವ ಕಾನೂನು ಬರಲೇ ಇಲ್ಲ.

ನಮ್ಮಲ್ಲಿ ಜಿಲ್ಲೆಗೆ ಜಿಲ್ಲೆಯೇ ಇಂಟರ್ನೆಟ್ ಇಲ್ಲದೆ ದಿನಗಟ್ಟಲೆ ಇರುವುದುಂಟು. ಸರ್ಕಾರದ 'ಸಹಯೋಗ್' ಪೋರ್ಟಲ್ ಮೂಲಕ ಬರುವ ತೆಗೆದುಹಾಕುವ ಆದೇಶಗಳನ್ನು ಪ್ರಶ್ನಿಸಿ ಎಕ್ಸ್ ಕಂಪನಿ ಹಾಕಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಕಂಪನಿಯ ಮೇಲೆ ನನಗೆ ಮಮಕಾರವಿಲ್ಲ. ಆದರೆ ಆದೇಶ ಬೀಳುವುದು ಕೊನೆಗೆ ಬರೆದವರ ಮಾತಿನ ಮೇಲೆ. ಒಸಾಕಾದಲ್ಲಿ ತೂಗುವ ಹಕ್ಕಿಗಾಗಿ ದೃಢವಾಗಿ ನಿಂತ ನಾಡು, ಬಿಚ್ಚುವ ಕೈಯನ್ನು ತಡೆಯಲೂ ಅಷ್ಟೇ ದೃಢವಾಗಿ ನಿಲ್ಲಲಿ ಎಂದು ಆಸೆ.

ಮಂಗಾಮುರಾದ ಗತಿ ಏನಾಯಿತೆಂದರೆ, ಅದು ಆ ಏಪ್ರಿಲಿನಲ್ಲೇ ಮುಚ್ಚಿತು. ಕದ್ದ ಮಾಲಿಗೆ ದಾರಿ ತೋರುವ ಕೊಂಡಿ ತಾಣಗಳನ್ನು 2020ರ ಅಕ್ಟೋಬರಿನಿಂದ, ಗೊತ್ತಿದ್ದೂ ಕದ್ದ ಮಂಗಾ ಇಳಿಸಿಕೊಳ್ಳುವುದನ್ನು 2021ರ ಜನವರಿಯಿಂದ ಕೃತಿಸ್ವಾಮ್ಯ ಕಾನೂನು ನಿಷೇಧಿಸಿತು. ತಾಣ ನಡೆಸಿದವನು ಫಿಲಿಪೀನ್ಸಿನಲ್ಲಿ ಸಿಕ್ಕಿಬಿದ್ದ. ಫುಕುಒಕಾ ಜಿಲ್ಲಾ ನ್ಯಾಯಾಲಯ 2021ರಲ್ಲಿ ಅವನಿಗೆ ಮೂರು ವರ್ಷದ ಸೆರೆ ವಿಧಿಸಿತು. 2024ರ ಏಪ್ರಿಲಿನಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಕದೊಕಾವಾ, ಶುಯೆಇಶಾ, ಶೊಗಾಕುಕಾನ್ ಪ್ರಕಾಶನಗಳಿಗೆ ಒಟ್ಟು ಸುಮಾರು 170 ಕೋಟಿ ಯೆನ್ ಪರಿಹಾರ ಕೊಡುವಂತೆ ಅವನಿಗೆ ಆದೇಶಿಸಿತು. 2018ರಲ್ಲಿ ಸರ್ಕಾರ ಬಯಸಿದ್ದ ಆ ಕಟ್ಟಳೆ ಇಲ್ಲದೆಯೇ ಇಷ್ಟೂ ಆಯಿತು.