ಅರ್ಬುದಕ್ಕೆ ನೂತನ ಔಷಧ

ಚರ್ಮದ ಅರ್ಬುದರೋಗಗಳಲ್ಲಿ ಮೆಲನೋಮಾ ಬಹು ಕ್ರೂರವಾದುದು. ಅದು ಅನ್ಯ ಅಂಗಗಳಿಗೆ ಹಬ್ಬಿದ ಮೇಲೆ ರೋಗಿಯು ವರ್ಷಕಾಲ ಬದುಕುವುದೇ ಹಿಂದೆ ದುರ್ಲಭವಾಗಿದ್ದಿತು.

ದೇಹರಕ್ಷಕವಾದ ಜೀವಕಣಗಳಿಗೆ ಪ್ರಕೃತಿಯೇ ಕಡಿವಾಣವನ್ನಿಟ್ಟಿದೆ. ಅದನ್ನು ಸಡಿಲಿಸಿದರೆ ಅವು ಅರ್ಬುದವನ್ನು ಎದುರಿಸಬಲ್ಲವೆಂದು ತೋರಿಸಿದ ಅಮೆರಿಕದ ಜೇಮ್ಸ್ ಆಲಿಸನ್, ಜಪಾನಿನ ತಸುಕು ಹೊಂಜೊ ಇವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಆ ಕಡಿವಾಣವನ್ನು ಕಳಚುವ ಪ್ರತಿಕಾಯ ಔಷಧಗಳಲ್ಲಿ ಇಪಿಲಿಮುಮ್ಯಾಬ್ 2011ರಲ್ಲಿಯೂ ನಿವೊಲುಮ್ಯಾಬ್ 2014ರಲ್ಲಿಯೂ ಅಮೆರಿಕದಲ್ಲಿ ಅಂಗೀಕೃತವಾದುವು. ಎರಡನ್ನೂ ಕೂಡಿಸಿ ಕೊಟ್ಟ ಪ್ರಯೋಗವೊಂದರಲ್ಲಿ ಹತ್ತು ವರ್ಷಗಳ ತರುವಾಯವೂ ನೂರಕ್ಕೆ 43 ಮಂದಿ ಜೀವಿಸಿದ್ದರೆಂದು 2024ರಲ್ಲಿ ಪ್ರಕಟವಾಯಿತು.

ಕಡಿವಾಣ ಕಳಚಿದ ಕಣಗಳು ರೋಗಿಯ ಕರುಳು, ಯಕೃತ್ತುಗಳ ಮೇಲೆಯೇ ತಿರುಗಿಬೀಳುವುದೂ ಉಂಟು. ಆದರೆ ಬಡವನಿಗೆ ಮೊದಲ ತಡೆಯೇ ಬೆಲೆ. ಕೈಗೆಟುಕದ ಔಷಧವು ಅವನ ಪಾಲಿಗೆ ಇಲ್ಲದ ಔಷಧವೇ ಸರಿ. ವಿಜ್ಞಾನವು ತನ್ನ ಕರ್ತವ್ಯವನ್ನು ನೆರವೇರಿಸಿದೆ. ಬೆಲೆಯನ್ನಿಳಿಸುವ ಕರ್ತವ್ಯವು ಸರ್ಕಾರಗಳದು.